ಮರಿ ಮಾರಿ ದುಡ್ಡಾಯ್ತು, ತಾಯಿ ನಾಯಿ ಎಲ್ಲಿ? ಬೆಳ್ಳಂದೂರಲ್ಲಿ ಫಾಸ್ಟರ್ ಮನೆ ಬೇಕಿರೋದು ಇವಕ್ಕೆ

ಬೆಳ್ಳಂದೂರು: ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಗ್ಗೆ ಆರೂವರೆಗೆ ಹರಳೂರು ರಸ್ತೆ ಕಡೆಯ ಅಪಾರ್ಟ್‌ಮೆಂಟ್ ಒಂದರ ಸೆಕ್ಯುರಿಟಿ ಅಣ್ಣ ನನಗೆ ಫೋನ್ ಮಾಡಿದ್ರು. "ಗೇಟ್ ಪಕ್ಕದ ಕಂಬಕ್ಕೆ ಯಾರೋ ನಾಯಿ ಕಟ್ಟಿ ಹೋಗವ್ರೆ. ಬೀದಿ ನಾಯಿ ಅಲ್ಲ ಸಾರ್, ದುಡ್ಡಿನ ನಾಯಿ. ಸುದ್ದಿ ಆಗುತ್ತಾ ನೋಡಿ" ಅಂದ್ರು.

ಹೋಗಿ ನೋಡಿದರೆ ಶಿಟ್ಜು. ಕೂದಲು ಗಂಟುಗಂಟಾಗಿ ಚಾಪೆ ಥರ ಮೈಗೆ ಅಂಟಿಕೊಂಡಿತ್ತು. ಒಂದು ಕಣ್ಣು ಬೆಳ್ಳಗೆ, ಹಲ್ಲು ಅರ್ಧಕ್ಕರ್ಧ ಇಲ್ಲ, ಮೊಲೆಗಳು ಜೋತುಬಿದ್ದಿದ್ದವು. ಡಾಕ್ಟ್ರು ನೋಡಿ, ವಯಸ್ಸು ಏಳೆಂಟು ಇರಬಹುದು, ಎಷ್ಟು ಸಲ ಮರಿ ಹಾಕಿಸಿದ್ದಾರೋ ಲೆಕ್ಕ ಇಲ್ಲ ಅಂದ್ರು. ಮೈಕ್ರೋಚಿಪ್ ಹುಡುಕಿದ್ರು, ಇರಲಿಲ್ಲ. ಅಂದರೆ ಯಾರದ್ದು ಅಂತ ಕಂಡುಹಿಡಿಯೋ ದಾರಿನೇ ಇಲ್ಲ.

ಸುದ್ದಿ ಮಾಡೋಕೆ ಹೋದವನು ನಾಯಿ ಹಿಡ್ಕೊಂಡು ಮನೆಗೆ ಬಂದೆ. ಅಮ್ಮ ಬಾಗಿಲಲ್ಲೇ ನಿಂತು, "ಏನ್ಲಾ ಇದು, ನಾಯಿನೋ ಕುರಿಮರಿನೋ?" ಅಂತ ಕೇಳಿದ್ರು. ಏಳು ವಾರ ನಮ್ಮ ಮನೇಲಿತ್ತು. ಆ ಏಳು ವಾರದಲ್ಲಿ ಕಲಿತದ್ದು, ಆಮೇಲೆ ಕಾನೂನು ಓದಿ ತಿಳ್ಕೊಂಡದ್ದು, ಎರಡನ್ನೂ ಇಲ್ಲಿ ಬರೆದಿದ್ದೇನೆ. ನಮ್ಮ ಪೂರ್ವ ತಾಲ್ಲೂಕಿನ ಕಡೆ ಜಾತಿ ನಾಯಿ ಸಾಕುವವರು ಜಾಸ್ತಿ. ಬಿಟ್ಟು ಹೋಗುವವರೂ ಕಮ್ಮಿ ಇಲ್ಲ.

ಬೋರ್ಡ್ ಇಲ್ಲದ ಫ್ಯಾಕ್ಟರಿ

ಪಪ್ಪಿ ಮಿಲ್ ಅಂದರೆ ದೊಡ್ಡ ಕಾರ್ಖಾನೆ ಅಂತ ಅಂದ್ಕೋಬೇಡಿ. ಬಾಡಿಗೆ ಮನೆಯ ಟೆರೇಸ್ ಮೇಲಿನ ಶೀಟ್ ರೂಮ್, ಮನೆ ಹಿಂದಿನ ಗೋಡೌನ್, ಊರಾಚೆಯ ಶೆಡ್, ಎಲ್ಲಿ ಬೇಕಾದ್ರೂ ಇರಬಹುದು. ಪಗ್, ಶಿಟ್ಜು, ಪೊಮೆರೇನಿಯನ್, ಬೀಗಲ್ ಥರದ ಚಿಕ್ಕ ನಾಯಿಗಳನ್ನ ಪಂಜರದಲ್ಲಿ ಇಟ್ಟು, ಬೆದೆಗೆ ಬಂದಾಗಲೆಲ್ಲ ಕ್ರಾಸ್ ಮಾಡಿಸಿ, ಮರಿ ಮಾರೋದು. ಚಿಕ್ಕ ತಳಿಗೆ ಜಾಗ ಕಮ್ಮಿ ಸಾಕು, ತಿನ್ನೋದೂ ಕಮ್ಮಿ, ಅಪಾರ್ಟ್‌ಮೆಂಟ್‌ನವರಿಗೆ ಬೇಕಾಗಿರೋದೂ ಅದೇ. ಹಾಗಾಗಿ ಈ ದಂಧೆಗೆ ಚಿಕ್ಕ ನಾಯಿ ಹೇಳಿ ಮಾಡಿಸಿದ ಸರಕು.

ಲೆಕ್ಕ ಸರಳ. ಹೆಣ್ಣು ನಾಯಿ ಹೆಚ್ಚುಕಮ್ಮಿ ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತೆ. ಗರ್ಭ 63 ದಿನ. ಮೊದಲ ಬೆದೆಯಿಂದಲೇ ಶುರು ಮಾಡಿ ವರ್ಷಕ್ಕೆ ಎರಡು ಸಲ ಮರಿ ಹಾಕಿಸಿದರೆ ಆರು ವರ್ಷ ತುಂಬೋ ಹೊತ್ತಿಗೆ ಹತ್ತು ಸೂಲು ಆಗಿರುತ್ತೆ. ಆಮೇಲೆ ಮರಿ ಸಂಖ್ಯೆ ಕಮ್ಮಿ ಆಗುತ್ತೆ, ಗರ್ಭಕೋಶದಲ್ಲಿ ಕೀವು ತುಂಬುತ್ತೆ, ಮೊಲೆಯಲ್ಲಿ ಗಡ್ಡೆ ಬರುತ್ತೆ. ಆಪರೇಷನ್‌ಗೆ ದುಡ್ಡು ಹಾಕೋ ಬದಲು ರಾತ್ರೋರಾತ್ರಿ ತಂದು ಯಾವುದೋ ಗೇಟ್‌ಗೆ ಕಟ್ಟಿ ಹೋಗ್ತಾರೆ. ಮರಿಯನ್ನ ನಾವು ಎತ್ತಿ ಮುದ್ದಾಡ್ತೀವಿ, ಅದನ್ನ ಹೆತ್ತ ನಾಯಿಯ ಗತಿ ಇದು.

ಬೇಡಿಕೆ ಹೇಗೆ ಹುಟ್ಟುತ್ತೆ ಅನ್ನೋಕೆ ಪಗ್ ಸಾಕು. 2003ರಲ್ಲಿ ಹಚ್ ಮೊಬೈಲ್ ಕಂಪನಿ ಜಾಹೀರಾತಲ್ಲಿ ಒಬ್ಬ ಹುಡುಗನ ಹಿಂದೆ ಹಿಂದೆ ಒಂದು ಪಗ್ ಓಡಾಡ್ತಿತ್ತು, ನೆನಪಿರಬಹುದು. ಅದು ಬಂದಿದ್ದೇ ತಡ, ಎಲ್ಲರಿಗೂ "ಹಚ್ ನಾಯಿ" ಬೇಕಾಯ್ತು. ಚಪ್ಪಟೆ ಮೂಗಿನ ಆ ಜೀವಕ್ಕೆ ನಮ್ಮ ಬೇಸಿಗೆಯಲ್ಲಿ ಸರಿಯಾಗಿ ಉಸಿರಾಡೋಕೂ ಕಷ್ಟ ಅಂತ ಆಗ ಯಾರೂ ಹೇಳಲಿಲ್ಲ.

ಇನ್ನೊಂದು ಕಡೆ ನಮ್ಮದೇ ಸಿನಿಮಾ ಇದೆ. 2022ರ ಜೂನ್‌ನಲ್ಲಿ ಬಂದ '777 ಚಾರ್ಲಿ' ನೋಡಿ ಥಿಯೇಟರ್‌ನಲ್ಲಿ ಅತ್ತವರು ಎಷ್ಟೋ ಜನ. ರಾಜ್ಯ ಸರ್ಕಾರ ತೆರಿಗೆ ವಿನಾಯಿತಿಯನ್ನೂ ಕೊಟ್ಟಿತ್ತು. ಧರ್ಮ ಮತ್ತು ಚಾರ್ಲಿ ಹಿಮ ನೋಡೋಕೆ ಹೋಗಿದ್ದು ಎಲ್ಲರಿಗೂ ನೆನಪಿದೆ. ಆದರೆ ಚಾರ್ಲಿ ತಪ್ಪಿಸಿಕೊಂಡು ಬಂದಿದ್ದು ಒಬ್ಬ ಅಕ್ರಮ ಬ್ರೀಡರ್ ಹತ್ರದಿಂದ, ಅದಕ್ಕೆ ಕ್ಯಾನ್ಸರ್ ಬಂದಿದ್ದಕ್ಕೆ ಒಂದೇ ರಕ್ತಸಂಬಂಧದೊಳಗೆ ಮರಿ ಮಾಡಿಸಿದ್ದು ಕಾರಣ ಅಂತ ಸಿನಿಮಾನೇ ಹೇಳುತ್ತೆ. ಆ ಭಾಗ ಮಾತ್ರ ನಾವು ಮರೆತಿದ್ದೀವಿ.

ಕಾನೂನಲ್ಲಿ ಏನಿದೆ

ಕಾನೂನು ಇಲ್ಲ ಅಂತಲ್ಲ. ನಾಯಿ ಬ್ರೀಡಿಂಗ್ ಮತ್ತು ಮಾರಾಟಕ್ಕೆ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ತಂದಿದೆ, ಪೆಟ್ ಶಾಪ್‌ಗಳಿಗೆ 2018ರಲ್ಲಿ. ಬ್ರೀಡರ್ ಆಗಲಿ ಅಂಗಡಿಯವರಾಗಲಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಲೇಬೇಕು. ಹೆಣ್ಣು ನಾಯಿಗೆ 18 ತಿಂಗಳು ತುಂಬುವ ಮೊದಲು ಮರಿ ಹಾಕಿಸುವಂತಿಲ್ಲ, 8 ವರ್ಷದ ನಂತರವೂ ಇಲ್ಲ. ವರ್ಷಕ್ಕೆ ಒಂದೇ ಸೂಲು, ಇಡೀ ಜೀವಮಾನಕ್ಕೆ ಐದೇ. ಎಂಟು ವಾರ ತುಂಬದ ಮರಿಯನ್ನ ಮಾರುವಂತಿಲ್ಲ. ಬ್ರೀಡರ್ ಮರಿ ಮಾರುವ ಮೊದಲು ಮೈಕ್ರೋಚಿಪ್ ಹಾಕಿಸಿರಬೇಕು.

ಮೇಲಿನ ಹತ್ತು ಸೂಲಿನ ಲೆಕ್ಕವನ್ನ ಇದರ ಪಕ್ಕ ಇಟ್ಟು ನೋಡಿ.

ಶಿಕ್ಷೆ ವಿಷಯಕ್ಕೆ ಬಂದರೆ ನಗು ಬರುತ್ತೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಪ್ರಾಣಿಗೆ ಹಿಂಸೆ ಕೊಟ್ಟರೂ, ಸಾಕಿದ ಪ್ರಾಣಿಯನ್ನ ಸರಿಯಾದ ಕಾರಣವಿಲ್ಲದೆ ಬೀದಿಗೆ ಬಿಟ್ಟರೂ ಅಪರಾಧ. ಮೊದಲ ಸಲದ ದಂಡ 10 ರೂಪಾಯಿಯಿಂದ 50 ರೂಪಾಯಿ. ಈಗ ರಿಂಗ್ ರೋಡ್ ಪಕ್ಕದ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆಗೂ ಅದು ಸಾಲಲ್ಲ. ಕೊಂದರೆ ಅಥವಾ ಅಂಗವಿಕಲ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಬರುತ್ತೆ, ಅಲ್ಲಿ ಐದು ವರ್ಷದವರೆಗೆ ಜೈಲು ಇದೆ. ಆದರೆ ಪಂಜರದಲ್ಲಿ ಕೂಡಿಹಾಕಿ ಮರಿ ಹಾಕಿಸ್ತಾ ಇರೋದು ಸಾಮಾನ್ಯವಾಗಿ ಆ ಸೆಕ್ಷನ್‌ವರೆಗೆ ಹೋಗಲ್ಲ.

ಹಾಗಾಗಿ ಕೊಳ್ಳುವವರು ಕೇಳುವ ಪ್ರಶ್ನೆಗೇ ಹೆಚ್ಚು ಬೆಲೆ. "ತಾಯಿ ನಾಯಿ ತೋರಿಸಿ" ಅನ್ನಿ. ಊರಲ್ಲಿದೆ, ಪಾರ್ಟ್ನರ್ ಮನೇಲಿದೆ, ನೀವು ಬರೋದು ಬೇಡ ನಾವೇ ಡೆಲಿವರಿ ಕೊಡ್ತೀವಿ ಅಂದರೆ ಅಲ್ಲಿಂದ ಎದ್ದು ಬನ್ನಿ. ನೋಂದಣಿ ಪತ್ರ ಕೇಳಿ. ಬಾಯಿ ತೆರೆಸಿ ಹಲ್ಲು ನೋಡಿ, ಎಂಟು ವಾರದ ಹೊತ್ತಿಗೆ 28 ಹಾಲುಹಲ್ಲು ಹೆಚ್ಚುಕಮ್ಮಿ ಪೂರ್ತಿ ಬಂದಿರುತ್ತೆ. ಒಂದು ತಿಂಗಳ ಮರಿಗೆ ಎರಡು ತಿಂಗಳು ಅಂತ ಸುಳ್ಳು ಹೇಳಿದರೆ ಅಲ್ಲೇ ಗೊತ್ತಾಗುತ್ತೆ. ಪಾರ್ವೊ ಕಾಯಿಲೆ ತಗುಲಿದ ಮೇಲೆ ಲಕ್ಷಣ ಕಾಣೋಕೆ ಮೂರರಿಂದ ಏಳು ದಿನ ಬೇಕು. ತಂದ ದಿನ ಕುಣಿದಾಡ್ತಿದ್ದ ಮರಿ ವಾರದೊಳಗೆ ರಕ್ತಭೇದಿ ಆಗಿ ಸಾಯೋದು ಹೀಗೆ.

ಇನ್ನೊಂದು ಮಾತು, ಕೆಲವರಿಗೆ ಇಷ್ಟ ಆಗಲ್ಲ. "ಅಯ್ಯೋ ಪಾಪ, ಅಲ್ಲಿದ್ದರೆ ಸಾಯುತ್ತೆ" ಅಂತ ದುಡ್ಡು ಕೊಟ್ಟು ಮರಿ ಬಿಡಿಸ್ಕೊಂಡು ಬರೋದು ರೆಸ್ಕ್ಯೂ ಅಲ್ಲ, ಅದು ವ್ಯಾಪಾರ. ಆ ದುಡ್ಡಲ್ಲೇ ಮುಂದಿನ ಸೂಲು ಶುರುವಾಗುತ್ತೆ. ಅದರ ಬದಲು ದೂರು ಕೊಡಿ. ಫೋಟೊ, ವಿಡಿಯೊ, ಜಾಗದ ವಿವರ ಬರೆದು ಹತ್ತಿರದ ಪೊಲೀಸ್ ಠಾಣೆಗೆ, ಪ್ರಾಣಿ ಕಲ್ಯಾಣ ಮಂಡಳಿಗೆ ಕೊಡಿ, ಪ್ರಾಣಿ ಕಲ್ಯಾಣ ಸಂಸ್ಥೆಯೊಂದನ್ನ ಜೊತೆಗೆ ಕರ್ಕೊಳಿ. ಬೆಂಗಳೂರಲ್ಲಿ 1991ರಿಂದ ಕೆಲಸ ಮಾಡ್ತಿರೋ ಕ್ಯೂಪಾ ಇದೆ. ಬಿಟ್ಟುಹೋದ ಜಾತಿ ನಾಯಿಗಳಿಗೆ ಹೊಸ ಮನೆ ಹುಡುಕೋಕೆ ಅವರದ್ದು 'ಸೆಕೆಂಡ್ ಚಾನ್ಸ್' ಅಂತ ದತ್ತು ಕೇಂದ್ರ ಇದೆ. ಯಲಹಂಕ ಕಡೆ ಚಾರ್ಲೀಸ್ ಆ್ಯನಿಮಲ್ ರೆಸ್ಕ್ಯೂ ಸೆಂಟರ್ ಇದೆ. ನೀವೇ ಕಾಂಪೌಂಡ್ ಹಾರಿ ಹೋಗಬೇಡಿ, ಕೇಸ್ ನಿಮ್ಮ ಮೇಲೇ ಬೀಳುತ್ತೆ.

ಫಾಸ್ಟರ್ ಅಂದರೆ ಏನು

ಒಂದು ಶೆಡ್ ಮೇಲೆ ದಾಳಿ ಆಯ್ತು, ಇಪ್ಪತ್ತು ನಾಯಿ ಹೊರಗೆ ಬಂತು ಅಂತ ಇಟ್ಕೊಳಿ. ಎಲ್ಲಿ ಇಡೋದು? ಶೆಲ್ಟರ್‌ಗಳು ಯಾವಾಗಲೂ ತುಂಬಿರ್ತವೆ, ಅಲ್ಲಿನ ಬೊಗಳಾಟಕ್ಕೆ ಈ ಚಿಕ್ಕ ನಾಯಿಗಳು ಊಟ ಬಿಟ್ಟು ಮೂಲೆ ಸೇರ್ತವೆ. ಅದಕ್ಕೇ ಫಾಸ್ಟರ್ ಮನೆ ಬೇಕು. ಕಾಯಂ ಮನೆ ಸಿಗೋವರೆಗೆ ಕೆಲವು ವಾರ ನಿಮ್ಮ ಮನೇಲಿ ಇಟ್ಕೊಳ್ಳೋದು, ಅಷ್ಟೇ. ಆಸ್ಪತ್ರೆ ಖರ್ಚನ್ನ ಸಾಮಾನ್ಯವಾಗಿ ಸಂಸ್ಥೆ ನೋಡ್ಕೊಳ್ಳುತ್ತೆ. ಆದರೂ ಮೊದಲೇ ಮಾತಾಡಿ ಬರೆಸ್ಕೊಳಿ.

ಒಂದು ಕಾನೂನು ಸೂಕ್ಷ್ಮ ಇದೆ. ದಾಳಿಯಲ್ಲಿ ವಶಪಡಿಸಿಕೊಂಡ ನಾಯಿ ಕೇಸ್ ಮುಗಿಯೋವರೆಗೆ ಪ್ರಕರಣದ ಸ್ವತ್ತು. 2017ರ ಇನ್ನೊಂದು ನಿಯಮದ ಪ್ರಕಾರ ಅದರ ಪಾಲನೆ ಪ್ರಾಣಿ ದಯಾ ಸಂಘ ಅಥವಾ ಕಲ್ಯಾಣ ಸಂಸ್ಥೆಯದ್ದು, ಖರ್ಚು ಆರೋಪಿಯದ್ದು. ನಿಮ್ಮ ಮನೇಲಿದ್ದರೂ ಅದು ನಿಮ್ಮದಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಮಾಲೀಕರೇ ಬರೆದುಕೊಟ್ಟು ಬಿಟ್ಟುಕೊಟ್ಟಿದ್ದರೆ ಮಾತ್ರ ಬೇಗ ದತ್ತು ಕೊಡಬಹುದು. ಮನೆಗೆ ಕರ್ಕೊಂಡು ಬರೋ ಮೊದಲು ಇದು ಯಾವ ಥರದ ನಾಯಿ ಅಂತ ಕೇಳಿ.

ಈಗ ನಮ್ಮ ಮನೆ ಕಥೆ. ಅಮ್ಮ ಅದಕ್ಕೆ ಪುಟ್ಟಕ್ಕ ಅಂತ ಹೆಸರಿಟ್ಟರು. ಪುಟ್ಟಕ್ಕನಿಗೆ ಮೆಟ್ಟಿಲು ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಟೈಲ್ಸ್ ಮೇಲೆ ನಾಲ್ಕೂ ಕಾಲು ಅಗಲಿಸಿ ನಿಂತುಬಿಡ್ತಿತ್ತು. ಮಲಗಿದ ಜಾಗದಲ್ಲೇ ಉಚ್ಚೆ, ಪಂಜರದಲ್ಲಿ ಬೇರೆ ಜಾಗ ಇದ್ದರೆ ತಾನೆ. ಕೈ ಎತ್ತಿದರೆ ಮಂಚದ ಕೆಳಗೆ. ಮೊದಲ ಮೂರು ದಿನ ಊಟ ಮಾಡಿದ್ದು ರಾತ್ರಿ ನಾವು ಲೈಟ್ ಆರಿಸಿದ ಮೇಲೆ ಮಾತ್ರ. ಮುದ್ದು ಮಾಡೋಕೆ ಹೋಗಬೇಡಿ ಅಂತ ಡಾಕ್ಟ್ರು ಹೇಳಿದ್ರು. ಹಾಗಾಗಿ ಅಮ್ಮ ಅದರ ಪಕ್ಕದಲ್ಲಿ ಕೂತು ಸೊಪ್ಪು ಸೋಸ್ತಾ ಸೀರಿಯಲ್ ನೋಡ್ತಿದ್ರು, ಮುಖ ಆ ಕಡೆ ತಿರುಗಿಸಿ. ಹತ್ತನೇ ದಿನ ಬಂದು ಅವರ ಸೀರೆ ಅಂಚಿನ ಮೇಲೆ ತಲೆ ಇಟ್ಟಿತು.

ತಪ್ಪೂ ಮಾಡಿದೆ. ಬರೀ ಕೊರಳಪಟ್ಟಿ ಹಾಕಿ ರಸ್ತೆಗೆ ಕರ್ಕೊಂಡು ಹೋದೆ. ಯಾರೋ ಪಟಾಕಿ ಹಚ್ಚಿದ್ರು, ಪಟ್ಟಿಯಿಂದ ತಲೆ ನುಣುಚಿಕೊಂಡು ಓಟ. ನಲವತ್ತು ನಿಮಿಷ ಹುಡುಕಿದ ಮೇಲೆ ನಿಂತಿದ್ದ ವಾಟರ್ ಟ್ಯಾಂಕರ್ ಕೆಳಗೆ ಸಿಕ್ಕಿತು. ಟ್ಯಾಂಕರ್ ಡ್ರೈವರ್ ಅಣ್ಣ ಹೊರಡೋಕೆ ಇಂಜಿನ್ ಸ್ಟಾರ್ಟ್ ಮಾಡೋ ಹಂತದಲ್ಲಿದ್ರು. ಇಂಥ ನಾಯಿಗೆ ಎದೆಗೆ ಹಾಕೋ ಹಾರ್ನೆಸ್ ಒಂದು, ಕೊರಳಪಟ್ಟಿ ಒಂದು, ಎರಡಕ್ಕೂ ಬೇರೆ ಬೇರೆ ಹಗ್ಗ. ಬಾಲ್ಕನಿ ಇದ್ದರೆ ಬಲೆ ಹಾಕಿಸಿ.

ಮನೇಲಿ ಬೇರೆ ನಾಯಿ ಇದ್ದರೆ ಎರಡು ವಾರ ಪ್ರತ್ಯೇಕ ರೂಮಲ್ಲಿಡಿ, ಬಟ್ಟಲು, ಹಾಸಿಗೆ ಎಲ್ಲ ಬೇರೆ. ನಿಮ್ಮ ನಾಯಿಯ ಲಸಿಕೆ ಸರಿ ಇದೆಯಾ ನೋಡ್ಕೊಳಿ. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಇರುತ್ತೆ, ಫಿನೈಲ್ ನಂಬಬೇಡಿ. ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು ಬೆರೆಸಿ ಒರೆಸಿ, ಒಣಗಿದ ಮೇಲೆ ನಾಯಿ ಬಿಡಿ. ಮೊದಲ ದಿನವೇ ಡಾಕ್ಟ್ರಿಗೆ ತೋರಿಸಿ: ಜಂತುಹುಳದ ಔಷಧಿ, ಉಣ್ಣಿ ಜ್ವರಕ್ಕೆ ರಕ್ತ ಪರೀಕ್ಷೆ, ಕಿವಿ, ಹಲ್ಲು, ಮಂಡಿಚಿಪ್ಪು. ಚಿಕ್ಕ ತಳಿಗಳಲ್ಲಿ ಮಂಡಿಚಿಪ್ಪು ಜಾರೋದು ಸಾಮಾನ್ಯ. ನಡೀತಾ ನಡೀತಾ ಒಂದು ಹಿಂಗಾಲು ಎತ್ತಿ ಕುಪ್ಪಳಿಸಿದರೆ ಅದೇ ಇರಬಹುದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬೇಡವೇ ಬೇಡ. ಸಂತಾನಹರಣ ಆಪರೇಷನ್ ಮಾಡಿಸದೆ ದತ್ತು ಕೊಡಲೇಬೇಡಿ. ಇಲ್ಲದಿದ್ದರೆ "ದತ್ತು" ಹೆಸರಲ್ಲಿ ಇನ್ನೊಬ್ಬ ಬ್ರೀಡರ್ ಮನೆಗೆ ಹೋಗುತ್ತೆ.

ಅಪಾರ್ಟ್‌ಮೆಂಟ್‌ನವರು ಬಿಡಲ್ಲ ಅನ್ನೋ ಭಯ ಬಹಳ ಜನರಿಗೆ ಇದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ: ಅಸೋಸಿಯೇಷನ್‌ನವರು ಸಾಕುನಾಯಿ ಇಟ್ಕೊಳ್ಳೋದನ್ನ ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ. ಗಲೀಜು ಎತ್ತೋದು ನಮ್ಮ ಕೆಲಸ, ಅದರಲ್ಲಿ ಮಾತಿಲ್ಲ. ಬಾಡಿಗೆ ಮನೆಯವರು ಮಾತ್ರ ಅಗ್ರಿಮೆಂಟ್ ಓದಿ, ಓನರ್‌ಗೆ ಒಂದು ಮಾತು ಹೇಳಿಬಿಡಿ. ನಡುವೆ ನಾಯಿ ಎತ್ತಂಗಡಿ ಆಗೋದಕ್ಕಿಂತ ಅದು ಒಳ್ಳೇದು.

ಅಂಗಡಿಯವರಿಗೆ

ನಿಮ್ಮ ಗಾಜಿನ ಮೇಲೆ "ಮರಿ ಮಾರಾಟಕ್ಕಿದೆ" ಅಂತ ಫೋನ್ ನಂಬರ್ ಚೀಟಿ ಅಂಟಿಸೋಕೆ ಯಾರಾದರೂ ಬಂದರೆ ನೋಂದಣಿ ಪತ್ರ ಕೇಳಿ, ಇಲ್ಲ ಅಂದರೆ ಅಂಟಿಸಬೇಡಿ. ಪೆಟ್ ಫುಡ್ ಅಂಗಡಿಯಲ್ಲಿ ಸೈಡಲ್ಲಿ ಎರಡು ಮರಿ ಇಟ್ಟು ಮಾರಿದರೂ ನೀವು 2018ರ ನಿಯಮದೊಳಗೆ ಬರ್ತೀರಿ, "ಫ್ರೆಂಡ್ ಇಟ್ಟು ಹೋಗಿದ್ದಾನೆ" ಅಂದರೆ ನಡೆಯಲ್ಲ. ಬೆಳಗ್ಗೆ ಶಟರ್ ಎತ್ತುವಾಗ ಇಂಥ ನಾಯಿ ಕಂಡರೆ ಓಡಿಸಬೇಡಿ. ಚಿಕ್ಕ ನಾಯಿ ಬೀದಿ ನಾಯಿಗಳ ನಡುವೆ ಒಂದು ರಾತ್ರಿ ಕಳೆಯೋದೂ ಕಷ್ಟ. ರಟ್ಟಿನ ಡಬ್ಬಿ, ಸ್ವಲ್ಪ ನೀರು, ಒಂದು ಮೊಸರನ್ನ. ಫೋಟೊ ತೆಗೆದು ಸಂಸ್ಥೆಗೆ ಕಳಿಸಿ, ಹತ್ತಿರದ ಕ್ಲಿನಿಕ್‌ನಲ್ಲಿ ಚಿಪ್ ಸ್ಕ್ಯಾನ್ ಮಾಡಿಸಿ. ಕಳೆದುಹೋದ ನಾಯಿಯೂ ಆಗಿರಬಹುದು, ಯಾರದ್ದೋ ಮನೆಯವರು ಹುಡುಕ್ತಾ ಇರಬಹುದು.

ಪುಟ್ಟಕ್ಕ ಈಗ ಕಸವನಹಳ್ಳಿ ಕಡೆ ರಿಟೈರ್ ಆದ ಒಬ್ಬ ಮೇಷ್ಟ್ರು ಮನೇಲಿದೆ. ಆಪರೇಷನ್ ಆಯ್ತು, ಕೆಟ್ಟ ಹಲ್ಲು ಕೀಳಿಸಿದ್ದಾಯ್ತು. ಹೋದ ತಿಂಗಳು ಮೇಷ್ಟ್ರು ಒಂದು ವಿಡಿಯೊ ಕಳಿಸಿದ್ರು: ಮೂರು ಮೆಟ್ಟಿಲು ತಾನೇ ಹತ್ತಿ, ನಾಲ್ಕನೆಯದರ ಹತ್ರ ನಿಂತು ಹಿಂದೆ ತಿರುಗಿ ನೋಡ್ತಿದೆ. ಅಮ್ಮ ಅದನ್ನ ಅಕ್ಕಪಕ್ಕದವರಿಗೆಲ್ಲ ತೋರಿಸಿ ಆಯ್ತು. ಖಾಲಿ ಆದ ಹಾಸಿಗೆಯನ್ನ ತೊಳೆದು, ಬಿಸಿಲಿಗೆ ಒಣಗಿಸಿ ಮಡಿಚಿಟ್ಟಿದ್ದಾರೆ. ಯಾಕಮ್ಮ ಅಂದರೆ, "ಸೆಕ್ಯುರಿಟಿಯವ್ನು ಮತ್ತೆ ಫೋನ್ ಮಾಡ್ತಾನೆ ನೋಡು" ಅಂತಾರೆ.