ಗಾಳಿಗೆ ತೆರುವ ಸುಂಕ

ಸೂಡಿಯ ಜೋಡುಕಳಸದ ಗುಡಿಯ ಮೇಲೆ ಬಿಸಿಲೇರಿದ ಹೊತ್ತಿನಲ್ಲಿ ಹದ್ದು ತೇಲುವುದನ್ನು ನೋಡಬೇಕು. ರೆಕ್ಕೆ ಬಡಿಯದೆ ಎಷ್ಟೋ ಹೊತ್ತು ಸುತ್ತುತ್ತಿರುತ್ತದೆ. ಆಗ ಅದರ ಕಾಲುಗಳು ಪುಕ್ಕದೊಳಗೆ ಅಡಗಿರುತ್ತವೆ. ಕೆಳಗಿಳಿದು ಕೂರುವಾಗ ಮಾತ್ರ ಕಾಲನ್ನು ಇಳಿಬಿಟ್ಟು, ಬಾಲವನ್ನು ಹರಡಿ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಗಾಳಿಯಲ್ಲಿ ಸಂಚರಿಸುವ ಎಲ್ಲವೂ ಗಾಳಿಗೆ ಸುಂಕ ತೆರಲೇಬೇಕು. ಆ ಸುಂಕವೇ ಗಾಳಿಯ ತಡೆ. ಅದನ್ನು ಎಲ್ಲಿ ಉಳಿಸಬೇಕು, ಎಲ್ಲಿ ತೆರಬೇಕು ಎಂಬುದನ್ನು ಹದ್ದು ಬಲ್ಲದು. ತನ್ನ ಕೈಯಾರೆ ಹಗುರ ವಿಮಾನ ಕಟ್ಟಿಕೊಂಡ ಹವ್ಯಾಸಿ ಅದನ್ನು ಕಲಿಯಬೇಕಾಗುತ್ತದೆ.

ಈ ತಡೆ ಎರಡು ಬಗೆಯದು. ವಿಮಾನವನ್ನು ಎತ್ತಿಹಿಡಿಯುವುದಕ್ಕಾಗಿ ರೆಕ್ಕೆ ತೆರುವುದು ಒಂದು. ವೇಗ ಹೆಚ್ಚಿದಂತೆ ಇದು ಇಳಿಯುತ್ತದೆ. ಒಡಲು, ಚಕ್ರ, ಆಧಾರಗಂಬಿಗಳು ಗಾಳಿಯನ್ನು ಸೀಳುವುದಕ್ಕಾಗಿ ತೆರುವುದು ಇನ್ನೊಂದು. ವೇಗ ಎರಡರಷ್ಟಾದರೆ ಇದು ನಾಲ್ಕರಷ್ಟಾಗುತ್ತದೆ. ಇದಕ್ಕೆ ವ್ಯಯವಾಗುವ ಶಕ್ತಿ ಎಂಟರಷ್ಟು.

ಒಂದು ಲೆಕ್ಕ ನೋಡೋಣ. ರೆಕ್ಕೆಗೆ ಆಸರೆಯಾಗಿ 25 ಮಿಲಿಮೀಟರ್ ದಪ್ಪದ, ಎರಡೆರಡು ಮೀಟರ್ ಉದ್ದದ ನಾಲ್ಕು ದುಂಡು ಕೊಳವೆಗಳಿವೆ ಎನ್ನಿ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಅವು ಸುಮಾರು 9 ಕಿಲೋಗ್ರಾಂ ತೂಕದಷ್ಟು ಬಲದಿಂದ ವಿಮಾನವನ್ನು ಹಿಂದಕ್ಕೆ ಜಗ್ಗುತ್ತವೆ. ಅದನ್ನು ಮೀರಲು ಮೂರು ಅಶ್ವಶಕ್ತಿ ಬೇಕು. ದುಂಡುಗಂಬಿಯನ್ನು ಬಳಸಿ ಬಂದ ಗಾಳಿ ಅದರ ಬೆನ್ನಿಗೆ ಅಂಟದೆ ಸಿಡಿದು, ಹಿಂದೆ ಒತ್ತಡ ಕಡಿಮೆಯಾದ ಸುಳಿಯನ್ನು ಬಿಡುವುದೇ ಇದಕ್ಕೆ ಕಾರಣ. ಮುಂದೆ ದುಂಡಾಗಿ ಹಿಂದಕ್ಕೆ ನೀಳವಾಗಿ ಚೂಪುಗೊಳ್ಳುವ, ಮೀನಿನ ಮೈಯಂಥ ಹೊದಿಕೆಯನ್ನು ತೊಡಿಸಿದರೆ ಆ ತಡೆ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯಬಲ್ಲದು.

ಗಾಳಿ ಎಲ್ಲಿ ಸಿಡಿಯುತ್ತಿದೆ ಎಂಬುದನ್ನು ಕಾಣಲು ದೊಡ್ಡ ಉಪಕರಣಗಳೇ ಬೇಕೆಂದಿಲ್ಲ. ಮೈಮೇಲೆ ಅಲ್ಲಲ್ಲಿ ಉಣ್ಣೆಯ ಎಳೆಗಳನ್ನು ಅಂಟಿಸಿ ಹಾರಿದರೆ ಸಾಕು. ಎಳೆ ನೆಟ್ಟಗೆ ಮಲಗಿದ್ದರೆ ಪ್ರವಾಹ ಸರಿಯಿದೆ; ಒದ್ದಾಡಿದರೆ ಕೆಟ್ಟಿದೆ. ಒಮ್ಮೆಗೆ ಒಂದೇ ಮಾರ್ಪಾಡು ಮಾಡಿ, ತೂಕ ಮತ್ತು ತೂಕದ ಕೇಂದ್ರವನ್ನು ಮತ್ತೆ ನೋಡಿಕೊಂಡು ಹಾರುವುದು ಕ್ಷೇಮ.

ನಯಗೊಳಿಸಿದ್ದೆಲ್ಲ ಲಾಭವೇ ಎನ್ನುವಂತಿಲ್ಲ. 1987ರಲ್ಲಿ ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ ಒಂದು ಹಗುರ ಸಂಶೋಧನಾ ವಿಮಾನವನ್ನು ಹಾರಿಸಿತು. ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗಾಗಿ ರೂಪಿಸಿದ ಲಾಂಗ್‌-ಈಜಿ ಅದಕ್ಕೆ ಮಾದರಿ. ನೊರೆ ಪ್ಲಾಸ್ಟಿಕ್ಕಿನ ತಿರುಳಿಗೆ ಗಾಜಿನ ನಾರನ್ನು ಹೊದಿಸಿದ ನುಣುಪು ಮೈ, ಮುಂದೆ ಒಂದು ಕಿರುರೆಕ್ಕೆ ಈ ಬಗೆಯ ವಿಮಾನದ ಲಕ್ಷಣಗಳು. ರುಟಾನರ ಆರಂಭದ ಇಂಥ ವಿನ್ಯಾಸಗಳಲ್ಲಿ ಮಳೆಹನಿ ಬಿದ್ದೊಡನೆ ಕಿರುರೆಕ್ಕೆಯ ಮೇಲಿನ ನಯವಾದ ಪ್ರವಾಹ ಕೆಟ್ಟು, ಅದರ ಎತ್ತುವ ಬಲ ತಗ್ಗಿ, ಮೂಗು ಕೆಳಕ್ಕೆ ಬಾಗುತ್ತಿತ್ತು. ಮುಂದೆ ಆ ರೆಕ್ಕೆಯ ಆಕಾರವನ್ನೇ ಬದಲಿಸಬೇಕಾಯಿತು.

ಚಕ್ರಕ್ಕೆ ತೊಡಿಸುವ ಹೊದಿಕೆಯೂ ಹಾಗೆಯೇ. ಆಕಾಶದಲ್ಲಿ ಅದು ಉಪಕಾರಿ. ನಮ್ಮ ರೋಣದ ಎರೆನೆಲದಲ್ಲಿ ಮಳೆಯಾದ ಮೇಲೆ ಓಡಿಸಿದರೆ ಮೆತ್ತಿದ ಮಣ್ಣು ಒಳಗೆ ತುಂಬಿ ಚಕ್ರವನ್ನೇ ಕಟ್ಟಿಹಾಕುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇಳಿಯುವ ಹೊತ್ತಿನದು. ಎಂಜಿನ್ ನಿಂತಾಗ ಒಂದು ಮೀಟರ್ ಇಳಿಯುವಷ್ಟರಲ್ಲಿ 7 ಮೀಟರ್ ಸಾಗುತ್ತಿದ್ದ ವಿಮಾನ, ಮಾರ್ಪಾಡಿನ ಬಳಿಕ 10 ಮೀಟರ್ ಸಾಗುತ್ತದೆ ಎಂದುಕೊಳ್ಳಿ. 15 ಮೀಟರ್ ಎತ್ತರದ ಮರವನ್ನು ದಾಟಿದ ಮೇಲೆ ನೆಲ ಮುಟ್ಟಲು 105 ಮೀಟರ್ ಸಾಕಾಗಿದ್ದುದು ಈಗ 150 ಮೀಟರ್ ಬೇಕು. ಬಯಲು ಮಾತ್ರ ಮೊದಲಿನಷ್ಟೇ ಇದೆ. ಓಟವನ್ನು ಕುಂಠಿಸುತ್ತಿದ್ದ ತಡೆಯೇ ಇಷ್ಟು ದಿನ ಕಡಿವಾಣವೂ ಆಗಿತ್ತೆಂಬುದು ಚಾಲಕನಿಗೆ ಆಗ ಹೊಳೆದರೆ ತಡವಾಯಿತು. ಇಳಿಜಾರಿನಲ್ಲಿ ವೇಗವೂ ಬೇಗ ಏರುತ್ತದೆ. ವಿಮಾನದ ಅಸ್ಥಿಪಂಜರ ತಾಳಬಲ್ಲ ವೇಗದ ಮಿತಿಯಾದರೋ ಹೊದಿಕೆ ತೊಡಿಸಿದ ಮಾತ್ರಕ್ಕೆ ಏರುವುದಿಲ್ಲ.

ಆದ್ದರಿಂದ ಮಾರ್ಪಡಿಸಿದ ವಿಮಾನವನ್ನು ಹೊಸ ವಿಮಾನವೆಂದೇ ತಿಳಿದು, ಉದ್ದನೆಯ ಬಯಲಿನಲ್ಲಿ, ಅನುಭವಿಗಳ ಸಮಕ್ಷಮದಲ್ಲಿ ಮತ್ತೆ ಪರೀಕ್ಷಿಸಬೇಕು. ಹದ್ದು ಕಾಲನ್ನು ಅಡಗಿಸಿಕೊಂಡೇ ಹಾರುತ್ತದೆ, ನಿಜ. ಆದರೆ ಇಳಿಯುವಾಗ ಅದನ್ನು ಚಾಚಲು ಮರೆಯುವುದಿಲ್ಲ.