ಬರೆಯೋದು ನನ್ನ ಕೆಲಸ, ಹೇಳೋದು ವಕೀಲರದ್ದು

ತಿಪಟೂರಿನ ಉಪನೋಂದಣಿ ಕಚೇರಿಯ ಹತ್ತಿರ ಒಬ್ಬ ಪತ್ರ ಬರಹಗಾರರಿದ್ದಾರೆ. ಊರವರ ಬಾಯಲ್ಲಿ ಬಾಂಡ್ ರೈಟ್ರು. ಅವರ ಮೇಜಿನ ಪಕ್ಕ ಕೂತು ಬಂದ ಗುಂಗು ನನಗಿನ್ನೂ ಇಳಿದಿಲ್ಲ.

ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಪಹಣಿ, ಆಧಾರ್ ಪ್ರತಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಮಗನ ಜೊತೆ ಬಂದರು. ತೆಂಗಿನ ತೋಟ ಮಗನ ಹೆಸರಿಗೆ ಆಗಬೇಕಂತೆ. “ದಾನಪತ್ರ ಮಾಡ್ಲಾ, ವಿಲ್ಲು ಬರೆಸ್ಲಾ, ನೀವೇ ಹೇಳಿ ಸ್ವಾಮಿ” ಅಂದರು.

ರೈಟರು ಕನ್ನಡಕ ತೆಗೆದಿಟ್ಟರು. “ಎರಡನ್ನೂ ಬರ್ಕೊಡ್ತೀನಮ್ಮಾ. ನಿಮ್ಗೆ ಯಾವ್ದು ಒಳ್ಳೇದು ಅನ್ನೋದು ನನ್ನ ಕೆಲ್ಸ ಅಲ್ಲ. ವಕೀಲ್ರನ್ನ ಕೇಳ್ಕೊಂಡು ಬನ್ನಿ. ಒಬ್ರೇ ಹೋಗಿ.”

ಮಗ ಮುಖ ಗಂಟಿಕ್ಕಿದ. ರೈಟರ ಕೈಗೆ ಬರಬೇಕಿದ್ದ ದುಡ್ಡೂ ಎದ್ದು ಹೋಯಿತು. ‘ಒಬ್ರೇ ಹೋಗಿ’ ಅನ್ನುವುದೂ ಸಲಹೆಯೇ ಅಲ್ಲವೇ ಎಂದು ನಾನು ಕೆಣಕಿದೆ. “ಅದು ಕಾನೂನಲ್ಲ ಸಾರ್, ಮುಖ ನೋಡಿ ಹೇಳಿದ್ದು” ಅಂದರು. ಆ ವಿದ್ಯೆಯಲ್ಲಿ ಅವರಿಗೆ ಪರಿಣತಿ ಇದೆ ಎಂದು ನಾನು ಒಪ್ಪಿಕೊಂಡೆ.

ವಿಲ್ಲನ್ನು ಬದುಕಿರುವಷ್ಟು ದಿನ ಬದಲಿಸಬಹುದು, ದಾನಪತ್ರ ನೋಂದಣಿಯಾದರೆ ಸುಲಭಕ್ಕೆ ಹಿಂದಕ್ಕೆ ಬರದು. ಇಷ್ಟು ಎಲ್ಲರಿಗೂ ಗೊತ್ತು. ತೊಡಕು ಇರುವುದು ಆಮೇಲೆ. ನೋಡಿಕೊಳ್ಳದ ಮಕ್ಕಳಿಗೆ ಕೊಟ್ಟ ಆಸ್ತಿಯನ್ನು ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ ದಾರಿಯಿದೆ. ಆದರೆ ‘ನೋಡಿಕೊಳ್ಳಬೇಕು’ ಎಂಬ ಷರತ್ತು ಇದ್ದಿದ್ದನ್ನು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಬಿಗಿಯಾಗಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ ಅದೇ ಕಲಮನ್ನು ಹಿರಿಯರ ಪರವಾಗಿ ಉದಾರವಾಗಿ ಓದಿತು. ಪತ್ರದಲ್ಲಿ ಒಂದು ಸಾಲು ಬಿಟ್ಟುಹೋದರೆ ಅಜ್ಜಿಯ ತೋಟದ ಗತಿ ಏನು? ಅದಕ್ಕೇ ರೈಟರು ಕನ್ನಡಕ ತೆಗೆದದ್ದು.

ಬರೆಯುವ ಲೈಸೆನ್ಸು ಅವರಿಗೆ 1979ರ ನಿಯಮಗಳಿಂದ ಸಿಕ್ಕಿದೆ. ವಕೀಲಿಕೆಯದ್ದು 1961ರ ಬೇರೆಯೇ ಕಾಯ್ದೆ. ಕರಿಕೋಟು ಹಾಕಿ ಕೋರ್ಟಿನಲ್ಲಿ ನಿಂತು ವಾದಿಸುವುದಷ್ಟೇ ಅಲ್ಲ, ಕೂತಲ್ಲೇ ಕೊಡುವ ಕಾನೂನು ಸಲಹೆಯೂ ವಕೀಲಿಕೆಯೇ ಎಂದು ವಿದೇಶಿ ಕಾನೂನು ಸಂಸ್ಥೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ತಮ್ಮ ವಿದ್ಯೆಯ ಗಡಿ ದಾಟುವ ವೈದ್ಯರ ವಿಷಯದಲ್ಲಂತೂ ಅದೇ ಕೋರ್ಟಿನ ಮಾತು ಇನ್ನೂ ಖಾರ. 1992ರಲ್ಲಿ ಮುಂಬೈಯಲ್ಲಿ ಹೋಮಿಯೋಪತಿ ವೈದ್ಯರೊಬ್ಬರು ಜ್ವರಕ್ಕೆ ಅಲೋಪತಿ ಔಷಧಿ ಕೊಟ್ಟರು, ರೋಗಿ ಉಳಿಯಲಿಲ್ಲ. ತನಗೆ ಗೊತ್ತಿಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ಕೊಟ್ಟದ್ದೇ ನಿರ್ಲಕ್ಷ್ಯ, ಬೇರೆ ಪುರಾವೆ ಬೇಡ ಎಂದು 1996ರಲ್ಲಿ ಪೂನಂ ವರ್ಮಾ ಪ್ರಕರಣದ ತೀರ್ಪು ಬಂತು. ಪರಿಹಾರ 3 ಲಕ್ಷ ರೂಪಾಯಿ.

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ತೀರ್ಪುಗಳಲ್ಲ, ಮೇಜಿನ ಮೇಲಿದ್ದ ಒಂದು ಹಳೆಯ ಕ್ರಯಪತ್ರ. ಚೆಕ್ಕುಬಂದಿ ಮುಗಿದ ಮೇಲೆ ಅದರಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಅಷ್ಟಭೋಗಗಳ ಸಾಲು. ಕಾಲೆಕರೆ ಜಮೀನಿನಲ್ಲಿ ಯಾವ ನಿಧಿಯಪ್ಪಾ ಎಂದು ನಗು ಬಂತು. ಆದರೆ ಇದೇ ಎಂಟು ವಿಜಯನಗರದ ತಾಮ್ರಶಾಸನಗಳಲ್ಲೂ ಇವೆ. ಕೃಷ್ಣದೇವರಾಯನ ತಾಮ್ರಪಟಗಳ ಕೊನೆ ನೋಡಿ: ರಚಿಸಿದವನು ಸಭಾಪತಿ, ಕೆತ್ತಿದವನು ವೀರಣಾಚಾರ್ಯ. ಇಬ್ಬರ ಹೆಸರೂ ಬೇರೆ ಬೇರೆ, ಕೆಲಸವೂ ಬೇರೆ ಬೇರೆ. ಯಾರಿಗೆ ಯಾವ ಊರನ್ನು ದಾನ ಕೊಡಬೇಕು ಎಂದು ಉಳಿ ಹಿಡಿದ ವೀರಣಾಚಾರ್ಯ ರಾಯನಿಗೆ ಹೇಳಿರಲಾರ. ಈ ಹೋಲಿಕೆ ಕೇಳಿ ರೈಟರಿಗೆ ಖುಷಿಯೇನೂ ಆಗಲಿಲ್ಲ. “ಅವ್ನಿಗೆ ರಾಯ ಭೂಮಿ ಕೊಡ್ತಿದ್ದ ಸಾರ್, ನನ್ಗೆ ಚಹಾ ಕೊಡೋರೂ ಇಲ್ಲ” ಅಂದರು.

ಅವರ ಚಿಂತೆ ಬೇರೆ. 2023ರಲ್ಲಿ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ವಿವರಗಳನ್ನು ಜನ ತಾವೇ ಆನ್‌ಲೈನಿನಲ್ಲಿ ತುಂಬಬಹುದು. ತುಂಬಲು ಬಾರದವರು ಸೈಬರ್ ಅಂಗಡಿಗೆ ಹೋಗುತ್ತಾರೆ. ಅಲ್ಲಿನ ಹುಡುಗನಿಗೆ ಲೈಸೆನ್ಸೂ ಇಲ್ಲ, ಹಿಂಜರಿಕೆಯೂ ಇಲ್ಲ. “ದಾನಪತ್ರನೇ ಮಾಡ್ಸಿ ಅಜ್ಜಿ, ಖರ್ಚು ಕಮ್ಮಿ” ಎಂದು ಪ್ರಿಂಟಿನ ಜೊತೆ ಸಲಹೆಯನ್ನೂ ಪುಕ್ಕಟೆ ಕೊಡುತ್ತಾನೆ.