ಕಾಲಡಿಯ ಪೆಟ್ಟಿಗೆಯಲ್ಲಿ ಸುತ್ತುವ ನಾದ

ವೇದಿಕೆಯ ಮೇಲೆ ಗಿಟಾರ್ ಹಿಡಿದವನು ಒಬ್ಬನೇ. ಕೇಳಿಸುವುದು ಮಾತ್ರ ಮೂರು ಗಿಟಾರ್! ಪರದೆಯ ಹಿಂದೆ ಯಾರೂ ಅಡಗಿಲ್ಲ. ಗುಟ್ಟಿರುವುದು ಅವನ ಕಾಲ ಬಳಿಯ ಪುಟ್ಟ ಪೆಟ್ಟಿಗೆಯಲ್ಲಿ. ಅದರ ಹೆಸರು ಲೂಪರ್. ಒಮ್ಮೆ ತುಳಿದರೆ ಧ್ವನಿಮುದ್ರಣ ಆರಂಭ. ಮತ್ತೊಮ್ಮೆ ತುಳಿದರೆ ಮುದ್ರಿಸಿದ ಭಾಗ ಗಾಣದೆತ್ತಿನಂತೆ ಸುತ್ತತೊಡಗುತ್ತದೆ. ಅದರ ಮೇಲೆ ಇನ್ನೊಂದು ಪದರ ನುಡಿಸಿ ಸೇರಿಸಬಹುದು.

ಟೇಪಿನ ಕಾಲದಲ್ಲಿ ಈ ಕೆಲಸಕ್ಕೆ ಬ್ಲೇಡು, ಅಂಟುಪಟ್ಟಿ ಬೇಕಿತ್ತು. ಟೇಪನ್ನು ಕತ್ತರಿಸಿ, ಎರಡೂ ತುದಿ ಜೋಡಿಸಿ ಬಳೆ ಮಾಡುತ್ತಿದ್ದರು. ಸೆಕೆಂಡಿಗೆ ಏಳೂವರೆ ಅಂಗುಲ ಓಡುವ ಟೇಪಿನಲ್ಲಿ 4 ಸೆಕೆಂಡಿನ ಸಂಗೀತಕ್ಕೆ 30 ಅಂಗುಲದ ಬಳೆ!

ಈಗಿನ ಪೆಟ್ಟಿಗೆಯಲ್ಲಿ ಟೇಪಿಲ್ಲ, ಅಂಕಿಗಳಿವೆ. ಗಿಟಾರಿನಿಂದ ಬರುವ ವಿದ್ಯುತ್ ಸಂಕೇತವನ್ನು ಸಾಮಾನ್ಯವಾಗಿ ಸೆಕೆಂಡಿಗೆ 44,100 ಬಾರಿ ಅಳೆದು ನೆನಪಿನಲ್ಲಿಡಲಾಗುತ್ತದೆ. ಕತ್ತರಿಸುವುದೆಂದರೆ ಇಂತಿಷ್ಟನೆಯ ಅಂಕಿಯಿಂದ ಇಂತಿಷ್ಟನೆಯದರವರೆಗೆ ಓದು ಎಂದು ಯಂತ್ರಕ್ಕೆ ಹೇಳುವುದು, ಅಷ್ಟೆ.

ಆದರೆ ಎಲ್ಲೆಂದರಲ್ಲಿ ಕತ್ತರಿಸುವಂತಿಲ್ಲ. ಶಬ್ದವೆಂದರೆ ಏರಿಳಿಯುವ ಅಲೆ ತಾನೆ? ತುಣುಕಿನ ಕೊನೆ ಅಲೆಯ ನೆತ್ತಿಯಲ್ಲೂ ಮೊದಲು ತಗ್ಗಿನಲ್ಲೂ ಇದ್ದರೆ, ಸ್ಪೀಕರಿನ ಪೊರೆ ಒಂದರಿಂದ ಇನ್ನೊಂದಕ್ಕೆ ಥಟ್ಟನೆ ಜಿಗಿಯಬೇಕು. ಆಗ ಪ್ರತಿ ಸುತ್ತಿನಲ್ಲೂ 'ಟಪ್' ಎಂಬ ಸದ್ದು. ಆದ್ದರಿಂದ ಅಲೆ ಸೊನ್ನೆಯನ್ನು ದಾಟುವೆಡೆ ಕತ್ತರಿಸುತ್ತಾರೆ. ಇಲ್ಲವೇ ಕೆಲವು ಮಿಲಿಸೆಕೆಂಡು ಕೊನೆಯನ್ನು ತಗ್ಗಿಸುತ್ತ ಮೊದಲನ್ನು ಏರಿಸುತ್ತ ಬೆಸೆಯುತ್ತಾರೆ. ಟೇಪನ್ನು ಓರೆಯಾಗಿ ಕತ್ತರಿಸುತ್ತಿದ್ದುದೂ ಇದಕ್ಕಾಗಿಯೇ. ಹಳಬರ ಉಪಾಯ ಹಳತಾಗಿಲ್ಲ!

ಬೆಸುಗೆಗಿಂತ ಕಠಿಣವಾದದ್ದು ಕಾಲಿನ ಲೆಕ್ಕ. ಆದಿತಾಳದ ಒಂದು ಆವರ್ತ ಮುದ್ರಿಸಬೇಕೆನ್ನಿ. ಎಣಿಕೆಗೆ ಅರ್ಧ ಸೆಕೆಂಡಿನಂತೆ 8 ಎಣಿಕೆಗೆ 4 ಸೆಕೆಂಡು. ಹೊಸಬರು ಎಂಟನೆಯ ಎಣಿಕೆ ಬಿದ್ದೊಡನೆ ಪೆಡಲ್ ತುಳಿದುಬಿಡುತ್ತಾರೆ. ಆಗ ಸಿಕ್ಕಿದ್ದು ಮೂರೂವರೆ ಸೆಕೆಂಡು ಮಾತ್ರ, ಒಂದು ಎಣಿಕೆ ಮಾಯ! ತುಳಿಯಬೇಕಾದದ್ದು ಮುಂದಿನ ಆವರ್ತದ ಮೊದಲ ಎಣಿಕೆ ಬೀಳುವಾಗ. ಅಲ್ಲಿ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ತಡವಾದರೂ ಪ್ರತಿ ಸುತ್ತಿಗೂ ಅಷ್ಟೇ ಸೇರುತ್ತ ಹೋಗುತ್ತದೆ. ಹತ್ತು ಸುತ್ತಿನಲ್ಲಿ ಯಂತ್ರವು ಜೊತೆಗಿರುವ ಮೃದಂಗಕ್ಕಿಂತ ಪೂರ್ತಿ ಒಂದು ಎಣಿಕೆ ಹಿಂದೆ. ಮೃದಂಗದವರ ಮುಖ ಆಗ ನೋಡಬೇಕು! ಕೆಲವು ಲೂಪರುಗಳು ತುಣುಕಿನ ಕೊನೆಯನ್ನು ಹತ್ತಿರದ ಎಣಿಕೆಗೆ ತಾವೇ ಸರಿಸುತ್ತವೆ. ಆದರೆ ಮೊದಲೇ ಅವಕ್ಕೆ ಲಯದ ವೇಗ ತಿಳಿಸಿರಬೇಕು.

ಈ ಜಾರುವಿಕೆಯನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. 1965ರಲ್ಲಿ ಅಮೆರಿಕದ ಸಂಗೀತಗಾರ ಸ್ಟೀವ್ ರೈಶ್ ಒಬ್ಬ ಬೋಧಕನ ಮಾತಿನ ಒಂದೇ ತುಣುಕನ್ನು ಎರಡು ಟೇಪ್ ಬಳೆ ಮಾಡಿ, ಎರಡು ಯಂತ್ರಗಳಲ್ಲಿ ಒಟ್ಟಿಗೆ ಓಡಿಸಿದರು. ಯಂತ್ರಗಳ ವೇಗದಲ್ಲಿ ಕೂದಲೆಳೆಯ ವ್ಯತ್ಯಾಸ. ಒಂದು ಮೆಲ್ಲಗೆ ಹಿಂದೆ ಬಿತ್ತು, ಮಾತು ಮಾತಿಗೆ ಮರುದನಿಯಾಯಿತು. ರೈಶ್ ಅದನ್ನು ಸರಿಪಡಿಸಲು ಹೋಗಲಿಲ್ಲ, ಅದನ್ನೇ ಕೃತಿಯಾಗಿಸಿದರು.